ಸಹಾಯ ಬೇಕು: ಚಳಿಗೆ ನಡುಗುತ್ತಿರುವ ಬೆಕ್ಕಿನ ಮರಿಗಳನ್ನು ಒಳಗೆ ತರಲಾ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಬೀದಿ ಬೆಕ್ಕೊಂದು ನಾಲ್ಕು ಮರಿ ಹಾಕಿದೆ. ಈಗಷ್ಟೇ ಕಣ್ಣು ಬಿಟ್ಟಿವೆ. ಇಷ್ಟು ಚಿಕ್ಕ ಮರಿಗಳಿಗೆ ಮೈ ಬಿಸಿ ತಾವಾಗಿ ಉಳಿಸಿಕೊಳ್ಳಲು ಆಗಲ್ಲ ಅಲ್ವಾ. ತಾಯಿ ಹಾಲು ಕೊಡುತ್ತದೆ, ಆದರೆ ರಾತ್ರಿ ಹೊರಗೆ ಹೋದರೆ ಬರುವುದು ತಡ. ಬೆಳಗಿನ ಜಾವ ಇಬ್ಬನಿ ಬೀಳುವಾಗ ಮುಟ್ಟಿದರೆ ಕಿವಿ, ಪಾದ ಎಲ್ಲ ತಣ್ಣಗಿರುತ್ತವೆ. ಬೂದು ಬಣ್ಣದ ಒಂದು ಮರಿಯಂತೂ ಉಳಿದವುಗಳ ಹೊಟ್ಟೆಯಡಿ ತಲೆ ತೂರಿಸಿಕೊಂಡು ನಡುಗುತ್ತಿರುತ್ತದೆ. ನೋಡೋಕಾಗಲ್ಲ.

ಮೊದಲು ರಟ್ಟಿನ ಡಬ್ಬಕ್ಕೆ ಹಳೆ ಸೀರೆ ಹಾಸಿದೆ. ಬಟ್ಟೆ ತೇವ ಹೀರಿಕೊಂಡು ಒದ್ದೆಯಾಯಿತು. ಈಗ ಮೀನಿನ ಅಂಗಡಿಯಿಂದ ತಂದ ಥರ್ಮಾಕೋಲ್ ಪೆಟ್ಟಿಗೆ ತೊಳೆದು, ಒಣಗಿಸಿ, ಬೆಕ್ಕು ನುಸುಳುವಷ್ಟು ತೂತು ಕೊರೆದು, ಒಣಹುಲ್ಲು ತುಂಬಿದ್ದೇನೆ. ಇದು ಎಷ್ಟೋ ವಾಸಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟರೆ ನಡುರಾತ್ರಿಗೆ ಆರಿಹೋಗುತ್ತದೆ, ಆಮೇಲೆ ಅದೇ ಕೊರೆಯುತ್ತದೆ. ಬಲ್ಬ್ ಹಾಕೋಣ ಅಂದ್ರೆ ಸುತ್ತ ಸೌದೆ, ಹುಲ್ಲು, ಬೆಂಕಿಯ ಭಯ. ಹೀಟಿಂಗ್ ಪ್ಯಾಡ್ ಕೊಳ್ಳುವ ಶಕ್ತಿ ಇಲ್ಲ. ಈ ತಿಂಗಳು ಇನ್ನೂರು ರೂಪಾಯಿಗಿಂತ ಜಾಸ್ತಿ ಹೊಂದಿಸಲು ಕಷ್ಟ.

ನಮ್ಮ ಬಚ್ಚಲೊಲೆಯ ಕೆಂಡ ಬೆಳಗಿನವರೆಗೂ ಬೆಚ್ಚಗಿರುತ್ತದೆ. ಪೆಟ್ಟಿಗೆಯನ್ನು ಒಲೆಯಿಂದ ಸ್ವಲ್ಪ ದೂರದಲ್ಲಿ ಇಡುವ ಆಸೆ. ಆದರೆ ತಾಯಿ ಬೆಕ್ಕು ಇದುವರೆಗೆ ಮನೆಯೊಳಗೆ ಕಾಲಿಟ್ಟಿಲ್ಲ. ಅದು ಬಾರದೇ ಹೋದರೆ ಮರಿಗಳಿಗೆ ಹಾಲೇ ಇಲ್ಲ, ಹಸುವಿನ ಹಾಲು ಅವಕ್ಕೆ ಆಗಿಬರುವುದಿಲ್ಲ.

ಹೀಗೆ ಮರಿಗಳನ್ನು ಒಳಗೆ ತಂದವರು ಯಾರಾದರೂ ಇದ್ದೀರಾ? ತಾಯಿ ಹಿಂದೆ ಬಂತಾ? ಬರಲ್ಲ ಅನ್ನುವುದಾದರೆ, ಕೊಟ್ಟಿಗೆಯಲ್ಲೇ ಬೆಳಗಿನವರೆಗೆ ಬಿಸಿ ಉಳಿಸಲು ಕರೆಂಟ್ ಇಲ್ಲದ, ಕಡಿಮೆ ಖರ್ಚಿನ ದಾರಿ ಯಾವುದು?