ಹಳೇ ಶೆಲ್ಫಿಗೆ ಹೊಡೆದ ಪಿಯು ವಾರ್ನಿಷ್ ಒಣಗುತ್ತಲೇ ಇಲ್ಲ, ಕೈ ಅಂಟುತ್ತೆ

ನಿಟ್ಟುವಳ್ಳಿ_ಗರಗಸ: ಹಳೇ ತೇಗದ ಶೆಲ್ಫ್ ಒಂದು ಸಿಕ್ಕಿತು. ಮನೆಯಲ್ಲಿ ಪುಸ್ತಕ ಇಡೋಕೆ ಬೇಕು. ಬಣ್ಣ ಕಿತ್ತು, ಚೆನ್ನಾಗಿ ಉಜ್ಜಿ, ಪಿಯು (ಪಾಲಿಯುರೆಥೇನ್) ವಾರ್ನಿಷ್ ಹೊಡೆದೆ. ವಾರ ಕಳೆದರೂ ಒಣಗಿಲ್ಲ. ಪೇಪರ್ ಇಟ್ಟರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಕೆರೆದು ಮತ್ತೆ ಹೊಡೆದರೂ ಅದೇ. ಸಾಕಾಗಿ ಹೋಗಿದೆ, ದಾರಿ ಹೇಳಿ.

ರಂದದ_ರಾಶಿ: ಹಾರ್ಡನರ್, ಅಂದ್ರೆ ಗಟ್ಟಿಯಾಗೋಕೆ ಬೆರೆಸೋ ದ್ರವ, ಕಮ್ಮಿ ಆಗಿದೆ. ಡಬ್ಬದ ಮೇಲಿನ ಅಳತೆ ಬಿಟ್ಟು ಅಂದಾಜಲ್ಲಿ ಬೆರೆಸಿದರೆ ಹೀಗೇ ಆಗುತ್ತೆ.

ನಿಟ್ಟುವಳ್ಳಿ_ಗರಗಸ: ಇದು ಒಂದೇ ಡಬ್ಬದ್ದು ಸರ್. ಹಾರ್ಡನರ್ ಬರೋದೇ ಇಲ್ಲ.

ರಂದದ_ರಾಶಿ: ಹಾಗಾದ್ರೆ ಥಿನ್ನರ್ ತಪ್ಪು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪಾಲಿಶ್ ತೆಳು ಮಾಡೋ ಥಿನ್ನರ್ ಪಿಯುಗೆ ಆಗಲ್ಲ.

ನಿಟ್ಟುವಳ್ಳಿ_ಗರಗಸ: ಥಿನ್ನರ್ ಹಾಕೇ ಇಲ್ಲ.

ದುರ್ಗದ_ಉಳಿ: ಮಳೆ ಹಿಡಿದಿದೆಯಲ್ಲ, ಗಾಳಿಯಲ್ಲಿ ತೇವ ಇದ್ದರೆ ಒಣಗೋದು ನಿಧಾನ. ಮತ್ತೆ, ಅದು ತೇಗ ಅಂತ ಗ್ಯಾರಂಟಿನಾ? ನಮ್ಮ ಕಡೆ ಹಳೇ ಅಂಗಡಿಗಳಲ್ಲಿ ಹೊನ್ನೆ, ಮತ್ತಿನೂ ನೋಡಿದ್ದೇನೆ. ಉಜ್ಜಿದ ಜಾಗದಲ್ಲಿ ಒದ್ದೆ ಬಟ್ಟೆ ಒತ್ತಿ ನೋಡಿ. ಹೊನ್ನೆ ಆದ್ರೆ ಹಳದಿ ಬಿಡುತ್ತೆ.

ರಂದದ_ರಾಶಿ: ದಾವಣಗೆರೆಯಲ್ಲಿ ವಾರಗಟ್ಟಲೆ ಒಣಗದಷ್ಟು ತೇವ ಎಲ್ಲಿಂದ ಬಂತು? ಆಗುಂಬೆ ಅಲ್ಲ ಇದು. ನಾನು ಮಳೆಗಾಲದಲ್ಲೇ ಊಟದ ಮೇಜು ಮುಗಿಸಿದೆ. 5 ಇಂಚಿನ ಆರ್ಬಿಟಲ್ ಸ್ಯಾಂಡರ್, ಅದಕ್ಕೇ ಜೋಡಿಸಿದ ವ್ಯಾಕ್ಯೂಮ್. ಉಜ್ಜು ಕಾಗದ 80ರಿಂದ 320ರವರೆಗೆ ಒಂದು ನಂಬರೂ ಬಿಡಲಿಲ್ಲ. ಮುಖ ಕಾಣಿಸುತ್ತೆ ಅದರಲ್ಲಿ.

ಹಲಗೆ_ಹುಚ್ಚು: ಹಳೇ ಬಣ್ಣ ಒಣ ಉಜ್ಜುವಾಗ ಹುಷಾರು, ಧೂಳಿನಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಒದ್ದೆ ಮಾಡಿ ಉಜ್ಜಿ, ಒಳ್ಳೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಈಗ ಹೇಳಿ, ಎಲ್ಲಾ ಹಲಗೆನೂ ಅಂಟುತ್ತಾ? ಶೆಲ್ಫ್ ಮೊದಲು ಎಲ್ಲಿತ್ತು?

ನಿಟ್ಟುವಳ್ಳಿ_ಗರಗಸ: ಕೆಳಗಿನ ಎರಡು ಮಾತ್ರ. ಮೇಲಿನವು ಗಾಜಿನ ಹಾಗೆ ಒಣಗಿವೆ. ಚಳ್ಳಕೆರೆಯಲ್ಲಿ ಒಂದು ಅಂಗಡಿ ಕೆಡವುವಾಗ ತಂದಿದ್ದು. ಎಣ್ಣೆ ವ್ಯಾಪಾರ ಇತ್ತಂತೆ. ಕೆಳಗಿನ ಹಲಗೆಗಳಲ್ಲಿ ಡಬ್ಬದ ತಳದಷ್ಟು ಅಗಲದ ಕಪ್ಪು ಗುರುತುಗಳಿವೆ. ಅಂಟು ಜಾಸ್ತಿ ಇರೋದು ಅಲ್ಲೇ.

ಹಲಗೆ_ಹುಚ್ಚು: ಸಿಕ್ಕಿತು ನೋಡಿ! ಚಳ್ಳಕೆರೆ ಅಂದ್ರೇನೇ ಶೇಂಗಾ ಎಣ್ಣೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತೆ, ಶೇಂಗಾ ಎಣ್ಣೆ ಆಗಲ್ಲ. ಎಷ್ಟು ವರ್ಷ ಆದರೂ ಮರದೊಳಗೆ ಹಸಿಯಾಗೇ ಇರುತ್ತೆ. ನೀವು ಹೊಡೆದ ಪಿಯು ಜೊತೆ ಬೆರೆತು ಅದನ್ನೂ ಗಟ್ಟಿಯಾಗೋಕೆ ಬಿಡಲ್ಲ. ಮೇಲೆ ಎಷ್ಟು ಉಜ್ಜಿದರೂ ಒಳಗಿಂದ ಮತ್ತೆ ಬರುತ್ತೆ.

ಅಂಟು ಪೂರ್ತಿ ಕೆರೆದು ತೆಗೆಯಿರಿ. ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಗುರುತುಗಳ ಮೇಲೆ ದಪ್ಪಗೆ ಬಳಿಯಿರಿ. ಅಂಗಳದಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಒಣಗಿದ ಪುಡಿ ಹಳದಿಯಾಗಿದ್ದರೆ ಎಣ್ಣೆ ಬಂದಿದೆ ಅಂತ ಲೆಕ್ಕ. ಪುಡಿ ಬೆಳ್ಳಗೇ ಉಳಿಯುವವರೆಗೂ ಬಳಿಯುತ್ತಿರಿ. ಆಮೇಲೆ ಮೇಣ ತೆಗೆದ ಅರಗಿನ (ಶೆಲ್ಲಾಕ್) ಪಾಲಿಶ್ ಒಂದು ಕೋಟ್ ಹೊಡೆದು ಉಳಿದ ಎಣ್ಣೆಗೆ ತಡೆ ಕಟ್ಟಿ. ಮೇಣ ಇರೋ ಅರಗು ಬೇಡ, ಅದರ ಮೇಲೆ ಪಿಯು ಹಿಡಿಯಲ್ಲ. ಮೊದಲು ಹಲಗೆಯ ಕೆಳಮೈಯಲ್ಲಿ ಅಂಗೈಯಗಲ ಹೊಡೆದು ನೋಡಿ.

ರಂದದ_ರಾಶಿ: ಇಷ್ಟೆಲ್ಲಾ ಯಾಕೆ? ಹಾರ್ಡನರ್ ಬೆರೆಸೋ ಎರಡು ಡಬ್ಬದ ಪಿಯು ಆಗಿದ್ರೆ ಎಣ್ಣೆ ಮೇಲೂ ಕೂರುತ್ತಿತ್ತು.

ಹಲಗೆ_ಹುಚ್ಚು: ಕೂರಲ್ಲ ಸರ್. ಗಟ್ಟಿಯಾದರೂ ಹಿಡಿತ ಇರಲ್ಲ, ಸಿಪ್ಪೆ ಎದ್ದು ಬರುತ್ತೆ.

ದುರ್ಗದ_ಉಳಿ: ಅಗಸೆ ಎಣ್ಣೆ ಮಾತು ಬಂತಲ್ಲ, ಅದು ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಬಯಲಲ್ಲಿ ಹರಡಿ ಒಣಗಿಸಿ.

ನಿಟ್ಟುವಳ್ಳಿ_ಗರಗಸ: ಮೊದಲ ಸಲ ಬಳಿದ ಪುಡಿ ಒಣಗಿದೆ. ಅರಿಶಿನ ಹಚ್ಚಿದಂತಿದೆ! ಇನ್ನೊಂದು ಸಲ ಬಳಿಯುತ್ತೇನೆ. ಮೇಣ ತೆಗೆದ ಅರಗು ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತೆ? ಕೇಳಿದ ಅಂಗಡಿಯಲ್ಲೆಲ್ಲಾ ಮೇಣ ಇರೋ ಮಾಮೂಲಿ ಅರಗಿನ ಚಕ್ಕೆನೇ ಕೊಡ್ತಿದ್ದಾರೆ.

ಹಲಗೆ_ಹುಚ್ಚು: ಅದೇ ಸಾಕು. ಸ್ಪಿರಿಟ್‌ನಲ್ಲಿ ಕರಗಿಸಿ ಅಲ್ಲಾಡಿಸದೆ ಇಡಿ. ಮೇಣ ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಬಗ್ಗಿಸಿಕೊಳ್ಳಿ.

ರಂದದ_ರಾಶಿ: ಮೇಜಿನ ಫೋಟೋ ಹಾಕ್ತೀನಿ, ನೋಡಿ.