ಬೆಂಗಳೂರು ಎರಡೂವರೆ ಗಂಟೆಯ ದಾರಿ ಆದರೆ ಸುಂಟಿಕೊಪ್ಪದ ಹೋಟೆಲಿಗೆ ಏನಾಗುತ್ತದೆ?

ಸುಂಟಿಕೊಪ್ಪದಾಕೆ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದಲ್ಲಿ ಹೆದ್ದಾರಿ ಪಕ್ಕದಲ್ಲೇ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಮಾವ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಅಕ್ಕಿರೊಟ್ಟಿ, ಕಡಂಬುಟ್ಟು (ಅಕ್ಕಿತರಿಯ ಕಡುಬು), ಪಂದಿಕರಿ (ಹಂದಿ ಮಾಂಸದ ಸಾರು), ಕಾಫಿ. ಹೋಟೆಲಿನ ಹಿಂಬದಿಯ ಮನೆಯಲ್ಲಿ ಮೂರು ರೂಮಿನ ಹೋಂಸ್ಟೇ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತಲ್ಲ, ಅದೇ ದಿನ ಮೈಸೂರು–ಕುಶಾಲನಗರ ನಾಲ್ಕು ಪಥದ ರಸ್ತೆಗೂ ಶಂಕುಸ್ಥಾಪನೆ ಆಯಿತು. 92 ಕಿ.ಮೀ., ಸುಮಾರು 4,130 ಕೋಟಿ ರೂಪಾಯಿ. ಬೆಂಗಳೂರಿಂದ ಕುಶಾಲನಗರಕ್ಕೆ ಐದು ಗಂಟೆ ಹಿಡಿಯುವುದು ಎರಡೂವರೆ ಗಂಟೆಗೆ ಇಳಿಯುತ್ತದೆ ಅಂತ ಅವತ್ತೇ ಹೇಳಿದ್ದರು. ರೈಲನ್ನೇ ಕಾಣದ ಜಿಲ್ಲೆ ನಮ್ಮದು. ಇಂಥ ರಸ್ತೆ ಬರುತ್ತದೆ ಅಂದರೆ ಯಾರಿಗೆ ತಾನೇ ಖುಷಿ ಆಗುವುದಿಲ್ಲ?

ಆದರೆ ನನ್ನ ಲೆಕ್ಕದ ಪುಸ್ತಕ ಬೇರೆ ಹೇಳುತ್ತಿದೆ. ಮೊದಲು ಬೆಂಗಳೂರಿನವರು ಶುಕ್ರವಾರ ರಾತ್ರಿ ಬಂದು ಭಾನುವಾರ ಮಧ್ಯಾಹ್ನ ಹೊರಡುತ್ತಿದ್ದರು. ಎರಡು ರಾತ್ರಿ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ತುಂಬಾ ಜನ ಶನಿವಾರ ಬೆಳಿಗ್ಗೆ ಬಂದು ಒಂದೇ ರಾತ್ರಿ ಉಳಿಯುತ್ತಾರೆ. ಕೆಲವರು ಅದೂ ಇಲ್ಲ, ದುಬಾರೆ, ರಾಜಾಸೀಟ್ ನೋಡಿ ಸಂಜೆಗೇ ವಾಪಸ್. ಊಟಕ್ಕೆ ಜನ ಜಾಸ್ತಿ ಆದರು, ರೂಮಿಗೆ ಕಡಿಮೆ ಆದರು.

ಇನ್ನೊಂದು ವಿಷಯ. ನಮ್ಮೂರಿನವರೂ ಈಗ ಬಟ್ಟೆಗೆ, ಚಿನ್ನಕ್ಕೆ ಸೀದಾ ಮೈಸೂರಿಗೆ ಹೋಗುತ್ತಾರೆ. ಹಬ್ಬದ ಸೀರೆ ತರಲು ನಾನೂ ಹೋಗಿದ್ದೆ. ಎದುರಿನ ಬಟ್ಟೆ ಅಂಗಡಿಯವರು ಮುಖ ನೋಡಿ ಸುಮ್ಮನಾದರು. ಅವತ್ತು ನನಗೆ ಬೇಜಾರಾಯಿತು.

ಇನ್ನೂ ನಾಲ್ಕು ರೂಮ್ ಕಟ್ಟಿಸಲು ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಮುಂದುವರಿಯಲಾ, ಬೇಡವಾ? ಹೊಸ ರಸ್ತೆ ನೋಡಿದ ಊರಿನವರು ದಯವಿಟ್ಟು ಹೇಳಿ.

ಮದ್ದೂರಿನವನು:

ಅಕ್ಕ, ನಮ್ಮ ದೊಡ್ಡಪ್ಪನದು ಹಳೇ ಹೆದ್ದಾರಿಯಲ್ಲಿ ವಡೆ ಅಂಗಡಿ. ಮೊದಲು ವೀಕೆಂಡ್ ಬಂದರೆ ಎರಡು ಬಾಣಲೆ ಇಡುತ್ತಿದ್ದರು. ಬೈಪಾಸ್ ಆದ ಮೇಲೆ ಒಂದೇ ಸಾಕು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ನಮ್ಮ ವಡೆ, ಇವೆಲ್ಲ ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸುತ್ತಿದ್ದದ್ದರಿಂದ ಬೆಳೆದವು. ಈಗ ಮೇನ್ ರೋಡಿನಲ್ಲಿ ಬೇಲಿ ಇದೆ. ಅಂಗಡಿ ಕಂಡರೂ ನಿಲ್ಲಿಸುವ ಹಾಗಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋಗೂ ಮೇನ್ ರೋಡಿಗೆ ಪ್ರವೇಶ ಇಲ್ಲ. ಬೈಕಿನವರು ಸರ್ವಿಸ್ ರಸ್ತೆಯಲ್ಲಿ ಹೋಗುತ್ತಾರೆ, ಈಗ ದೊಡ್ಡಪ್ಪನ ಗಿರಾಕಿಗಳು ಹೆಚ್ಚಾಗಿ ಅವರೇ.

ರಸ್ತೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ತಂಗಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆಯಲ್ಲೇ ಊಟ ಮಾಡುತ್ತಾಳೆ. ಅವಳಿಗೆ ಪಿಜಿ ಬಾಡಿಗೆ ಉಳಿಯಿತು, ಅಮ್ಮನಿಗೆ ಮಗಳು ಉಳಿದಳು. ಒಂದೇ ಮನೆಯಲ್ಲಿ ಲಾಭ ನಷ್ಟ ಎರಡೂ ಆಯಿತು.

ನಕ್ಷೆ ಬಂದಾಗ ಇಳಿಯುವ ದಾರಿ ಎಲ್ಲಿ ಅಂತ ನಮ್ಮ ಬೀದಿಯಲ್ಲಿ ಯಾರೂ ಕೇಳಲಿಲ್ಲ. ನೀವು ಈಗಲೇ ಕೇಳಿ. ನಾಲ್ಕು ಪಥ ಕುಶಾಲನಗರ ದಾಟಿದ ಕೂಡಲೇ ಗುಡ್ಡೆಹೊಸೂರಿಗೇ ಮುಗಿಯುತ್ತದೆ ಅಲ್ವಾ? ಅಲ್ಲಿಂದ ನಿಮ್ಮ ಕಡೆ ಎಷ್ಟು ಕಾರು ಬರುತ್ತದೆ, ಸಿದ್ದಾಪುರದ ಕಡೆ ಎಷ್ಟು ತಿರುಗುತ್ತದೆ? ಒಂದು ಭಾನುವಾರ ಹೋಗಿ ಎಣಿಸಿ.

ಶ್ರೀಮಂಗಲ, ಸದ್ಯ ಜಪಾನ್:

ನಾನು ಇರುವುದು ಟೊಕುಶಿಮಾದಲ್ಲಿ, ಶಿಕೊಕು ದ್ವೀಪ. ಗುಡ್ಡ, ಹೊಳೆ, ಮಳೆ ನೋಡಿದರೆ ನಮ್ಮೂರೇ ನೆನಪಾಗುತ್ತದೆ. 1998ರಲ್ಲಿ ಆಕಾಶಿ ಕೈಕ್ಯೊ ಸೇತುವೆ ಆಯಿತು. ನಡುವಿನ ಎರಡು ಗೋಪುರಗಳ ಮಧ್ಯದ ಅಂತರವೇ 1,991 ಮೀಟರ್. ದೋಣಿಗೆ ಕಾಯುತ್ತಿದ್ದವರು ಬಸ್ಸಿನಲ್ಲೇ ಕೋಬೆ, ಒಸಾಕಾಗೆ ಹೋಗುವಂತಾಯಿತು. ಇಲ್ಲಿನ ತರಕಾರಿಗೆ ಒಳ್ಳೆಯದಾಯಿತು. ಲಾರಿಗೆ ತುಂಬಿದರೆ ಸೀದಾ ದೊಡ್ಡ ಮಾರುಕಟ್ಟೆ. ಆದರೆ ಕೊಳ್ಳುವವರೂ ಸೀದಾ ಒಸಾಕಾಗೆ ಹೊರಟರು. ಊರಿನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ 2020ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಸೇತುವೆ ಒಂದೇ ಕಾರಣ ಅಲ್ಲ, ಆದರೆ ಅದೂ ಒಂದು ಕಾರಣ.

ಇದಕ್ಕೆ ಜಪಾನಿನಲ್ಲಿ ಸ್ಟ್ರಾ ಅಂತಲೇ ಹೆಸರು ಇಟ್ಟಿದ್ದಾರೆ. ಎಳನೀರಿಗೆ ಹಾಕುತ್ತೇವಲ್ಲ, ಅದೇ. ಹೀರುವ ಬಾಯಿ ಯಾವಾಗಲೂ ದೊಡ್ಡ ಊರಿನದು. ನಾಗಾನೊ ಕಡೆಗೆ 1997ರಲ್ಲಿ ಬುಲೆಟ್ ರೈಲು ಬಂದಾಗ ಕೊಮೊರೊ ಅನ್ನುವ ಹಳೇ ಪಟ್ಟಣಕ್ಕೆ ನಿಲ್ದಾಣ ಸಿಗಲಿಲ್ಲ, ಪಕ್ಕದ ಸಾಕುವಿಗೆ ಸಿಕ್ಕಿತು. ಆಮೇಲೆ ಸಾಕುವಿನ ನಿಲ್ದಾಣದ ಸುತ್ತ ಹೊಸ ಪೇಟೆಯೇ ಎದ್ದಿತು, ಕೊಮೊರೊ ಸೊರಗಿತು.

ಅಕ್ಕ, ಒಸಾಕಾದಲ್ಲೂ ಸಿಗುವುದನ್ನು ಮಾರುತ್ತಿದ್ದ ಅಂಗಡಿ ಇಲ್ಲಿ ಸೋತಿತು. ನಿಮ್ಮ ಕಡಂಬುಟ್ಟು ಬೆಂಗಳೂರಿನಲ್ಲಿ ಎಷ್ಟು ಕಡೆ ಸಿಗುತ್ತದೆ ಹೇಳಿ. ನನಗೆ ನಿಮ್ಮ ಹೋಟೆಲಿನ ಬಗ್ಗೆ ಭಯ ಇಲ್ಲ, ಎದುರಿನ ಬಟ್ಟೆ ಅಂಗಡಿಯ ಬಗ್ಗೆ ಇದೆ.

ಸಂಪಾಜೆ ತೋಟದವರು:

ಎಲ್ಲರೂ ಬೆಂಗಳೂರಿನ ಕಡೆಯೇ ನೋಡುತ್ತಿದ್ದೀರಿ. ನೀವು ಹೇಳುವ ಅದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 275, ಮಡಿಕೇರಿ ದಾಟಿ ನಮ್ಮ ಕಡೆ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ಬಂದ್ ಆಗಿತ್ತಲ್ಲ. ಮಡಿಕೇರಿ ನಮ್ಮ ತಾಲೂಕು ಕೇಂದ್ರ. ಅಲ್ಲಿಗೆ ಹೋಗಲು ಕರಿಕೆ, ಭಾಗಮಂಡಲ ಸುತ್ತಬೇಕಾಯಿತು. ಅತ್ತೆಯ ಬಿಪಿ ಮಾತ್ರೆಗೆ ನಾನು ಸುಳ್ಯಕ್ಕೆ ಹೋಗಿಬಂದೆ. ಅದು ಮರೆಯುವಂಥದ್ದಲ್ಲ.

ರಸ್ತೆ ಚೆನ್ನಾದರೆ ಕಾಫಿಗೆ ರೇಟ್ ಬರುತ್ತದೆ ಅನ್ನುವವರಿಗೂ ಒಂದು ಮಾತು. ರೊಬಸ್ಟಾ ದರ ಲಂಡನ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ. ರಸ್ತೆಯಿಂದ ಉಳಿಯುವುದು ಲಾರಿ ಬಾಡಿಗೆ ಮಾತ್ರ. ತೋಟದಿಂದ ಹೆದ್ದಾರಿಗೆ ಬರುವ ನಾಲ್ಕು ಕಿ.ಮೀ. ಮಳೆಗಾಲದಲ್ಲಿ ಕೊಚ್ಚಿಹೋದರೆ ಅದೂ ಉಳಿಯುವುದಿಲ್ಲ. ಹೆದ್ದಾರಿಗೆ ಸಾವಿರಾರು ಕೋಟಿ ಬರುತ್ತದೆ. ಊರಿನ ಮೋರಿಗೆ ಮೂರು ವರ್ಷ ಅರ್ಜಿ ಹಿಡಿದು ಓಡಾಡಿದ್ದೇನೆ.

ಆದರೂ ಹೊಸ ರಸ್ತೆ ಬೇಕೇ ಬೇಕು. ರಾತ್ರಿ ಹನ್ನೊಂದಕ್ಕೆ ಅಣ್ಣನನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದವನು ನಾನು. ಹುಣಸೂರು ದಾಟುವವರೆಗೆ ನಿಮಿಷ ನಿಮಿಷ ಎಣಿಸಿದ್ದೇನೆ.

ಸುಂಟಿಕೊಪ್ಪದಾಕೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಪಾಜೆ ಅಣ್ಣ, ನಿಮ್ಮ ಅಣ್ಣ ಈಗ ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ.

ಮದ್ದೂರಿನ ತಮ್ಮ ಹೇಳಿದ ಹಾಗೆ ಈ ಭಾನುವಾರ ಮಗನ ಜೊತೆ ಗುಡ್ಡೆಹೊಸೂರು ಸರ್ಕಲ್ಲಿನಲ್ಲಿ ಕೂತಿದ್ದೆ. ಬೆಳಿಗ್ಗೆ ಎಂಟರಿಂದ ಒಂಬತ್ತು, ಬರೀ ಕೆಎ ನಂಬರಿನ ಕಾರು. ನಮ್ಮ ಹೋಟೆಲ್ ಇರುವ ಮಡಿಕೇರಿ ಕಡೆಗೆ 212, ಸಿದ್ದಾಪುರ ಕಡೆಗೆ 97. ನಮ್ಮ ಹೋಟೆಲ್ ತಿಂಡಿಗೆ ತೆರೆಯುವುದೇ ಒಂಬತ್ತಕ್ಕೆ.

ರೂಮಿನ ಸಾಲ ಸದ್ಯಕ್ಕೆ ಬೇಡ ಅಂತ ಬ್ಯಾಂಕಿಗೆ ಹೇಳಿದ್ದೇನೆ. ಮುಂದಿನ ವಾರದಿಂದ ಏಳಕ್ಕೇ ಒಲೆ ಹಚ್ಚುತ್ತೇವೆ. ಎದುರಿನ ಅಂಗಡಿಯವರ ಹತ್ತಿರವೂ ಮಾತಾಡಿದೆ. ಅವರ ಮನೆಯಲ್ಲಿ ಕೊಡವ ಸೀರೆ ಉಡಿಸುವುದು, ಕುಪ್ಪಸ ಹೊಲಿಯುವುದು ಚೆನ್ನಾಗಿ ಬರುತ್ತದೆ. ಅದನ್ನೇ ಬೋರ್ಡಿನಲ್ಲಿ ಹಾಕಿ ಅಂದೆ. ಯೋಚಿಸುತ್ತೇನೆ ಅಂದಿದ್ದಾರೆ.