ಅಕ್ಕನ ಪ್ರಶ್ನೆಗೆ ಉತ್ತರ: ತಲೆ ತಪ್ಪಿಸಿ ಮೊಣಕಾಲಿಗೆ ಬಿದ್ದ ಪೆಟ್ಟು

ಅಕ್ಕ, ಭಾವ, ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಅಕ್ಕ ಕೇಳಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಬಿಡುವು ಮಾಡಿಕೊಂಡು ಪೂರ್ತಿ ಕೇಳಿ. ಅಮೆರಿಕದ ಡಲ್ಲಾಸಿನಲ್ಲಿರುವ ಮೊಮ್ಮಗ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರಿದ್ದಾನೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನನ್ನು ಮೈಯಿಂದ ಗುದ್ದಿ ಕೆಡವುವ ಅದು ಅಪಾಯದ ಆಟವಲ್ಲವೇ, ಮೊದಲನೆಯ ಪೆಟ್ಟಿಗೇ ಆಟ ಬಿಡಿಸುತ್ತೇನೆಂದು ಅವನಿಗೆ ಹೇಳಿದ್ದೇನೆ ಎಂದು ಅಕ್ಕ ಹೇಳಿದಳು. ಈಗ ಒಳ್ಳೆಯ ಹೆಲ್ಮೆಟ್ಟುಗಳಿವೆ, ತಲೆಗೆ ಹೊಡೆಯಬಾರದೆಂಬ ಕಟ್ಟುನಿಟ್ಟಿನ ನಿಯಮವೂ ಇದೆ, ಹೆದರಬೇಕಾಗಿಲ್ಲ ಎಂದು ಭಾವ ಸಮಾಧಾನ ಹೇಳಿದರು. ಭಾವನ ಮಾತು ಸುಳ್ಳಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಹ್ಯೂಸ್ಟನ್ನಿನಲ್ಲಿದ್ದು ಈ ಆಟವನ್ನು ನೋಡುತ್ತ ಬಂದಿರುವ ನನಗೆ ಕಂಡಿರುವುದೇನೆಂದರೆ, ಆಟಗಾರರ ರಕ್ಷಣೆಗೆಂದು ತಂದ ಎಷ್ಟೋ ಏರ್ಪಾಡುಗಳು ಪೆಟ್ಟನ್ನು ಇಲ್ಲವಾಗಿಸುವ ಬದಲು ದೇಹದ ಇನ್ನೊಂದು ಕಡೆಗೆ ಸಾಗಹಾಕಿವೆ.

ಹೆಲ್ಮೆಟ್ಟನ್ನೇ ತೆಗೆದುಕೊಳ್ಳಿ. ಹಿಂದೆ ಆಟಗಾರರು ತೊಡುತ್ತಿದ್ದುದು ತೊಗಲಿನ ಟೋಪಿ. ತಲೆಬುರುಡೆ ಒಡೆಯದಿರಲೆಂದು 1939ರ ಸುಮಾರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಹೆಲ್ಮೆಟ್ಟು ಬಂತು, ಮುಂದೆ ಮುಖಕ್ಕೆ ಕಂಬಿಯ ಜಾಲರಿಯೂ ಬಂತು. ಮುಖಕ್ಕೂ ತಲೆಗೂ ಏನೂ ಆಗುವುದಿಲ್ಲವೆಂಬ ಧೈರ್ಯ ಹುಟ್ಟಿದ ಮೇಲೆ ಆಟಗಾರರು ತಲೆಯನ್ನೇ ಮುಂದೆ ಮಾಡಿ, ಟಗರು ಹಾಯುವ ಹಾಗೆ ಎದುರಾಳಿಯ ಮೇಲೆ ನುಗ್ಗತೊಡಗಿದರು. ಬುರುಡೆ ಉಳಿಯಿತು, ಕುತ್ತಿಗೆ ಮುರಿಯಿತು. ತಲೆ ತಗ್ಗಿಸಿದಾಗ ಕತ್ತಿನ ಮೂಳೆಗಳ ಸಹಜವಾದ ಬಾಗು ಹೋಗಿ ಅವು ಕೋಲಿನಂತೆ ನೇರವಾಗುತ್ತವೆ, ಆಗ ನೆತ್ತಿಗೆ ಬಿದ್ದ ಹೊಡೆತದ ಭಾರವೆಲ್ಲ ಆ ಮೂಳೆಗಳ ಮೇಲೆಯೇ ಬೀಳುತ್ತದೆ ಎಂಬುದನ್ನು ಫಿಲಡೆಲ್ಫಿಯಾದ ವೈದ್ಯ ಜೋಸೆಫ್ ಟಾರ್ಗ್ ವಿವರಿಸಿದರು. 1976ರಲ್ಲಿ ಶಾಲೆ, ಕಾಲೇಜುಗಳ ಆಟದಲ್ಲಿ ತಲೆಯಿಂದ ಗುದ್ದುವುದನ್ನು ನಿಷೇಧಿಸಲಾಯಿತು. ಆ ವರ್ಷ ಕುತ್ತಿಗೆಗೆ ಪೆಟ್ಟಾಗಿ ಕೈಕಾಲು ನಾಲ್ಕೂ ಶಾಶ್ವತವಾಗಿ ಸ್ವಾಧೀನ ತಪ್ಪಿದ ಹುಡುಗರು 34 ಮಂದಿ, 1984ರಲ್ಲಿ 5 ಮಂದಿ. ಹಾಗಾಗಿ ನಿಯಮವೇ ಬೇಡವೆಂಬುದು ನನ್ನ ವಾದವಲ್ಲ, ಭಾವ. ಹೊಡೆಯುವವನು ತನ್ನ ದೇಹವನ್ನು ಹೇಗೆ ಬಳಸಬೇಕೆಂದು ಆ ನಿಯಮ ಹೇಳಿತು, ಅದರಿಂದ ಕಲಿಸುವ ಕ್ರಮವೇ ಬದಲಾಯಿತು.

ಎಲ್ಲ ನಿಯಮಗಳೂ ಹಾಗೆ ಫಲ ಕೊಡಲಿಲ್ಲ. 2010ರಿಂದ ವೃತ್ತಿಪರರ ಎನ್‌ಎಫ್‌ಎಲ್ ಲೀಗು, ಚೆಂಡು ಹಿಡಿಯುವ ಗಮನದಲ್ಲಿರುವವನ ತಲೆಗೆ ಹೊಡೆದವರಿಗೆ ಸಾವಿರಾರು ಡಾಲರುಗಳ ದಂಡ ಹಾಕುವುದನ್ನು ಬಿಗಿಗೊಳಿಸಿತು. 2013ರ ಆಗಸ್ಟಿನಲ್ಲಿ ಇಲ್ಲಿ, ನಮ್ಮ ಹ್ಯೂಸ್ಟನ್ನಿನಲ್ಲಿಯೇ, ಋತು ಆರಂಭಕ್ಕೆ ಮುಂಚಿನ ಪಂದ್ಯವೊಂದು ನಡೆಯಿತು. ನಾನು ಮನೆಯಲ್ಲಿ ಟಿವಿಯ ಮುಂದೆ ಕುಳಿತಿದ್ದೆ. ಮಯಾಮಿ ತಂಡದ ಡಸ್ಟಿನ್ ಕೆಲ್ಲರ್ ಚೆಂಡು ಹಿಡಿದು ತಿರುಗುತ್ತಿದ್ದಂತೆ ಹ್ಯೂಸ್ಟನ್ನಿನ ಹೊಸ ಆಟಗಾರ ಡಿ. ಜೆ. ಸ್ವೇರಿಂಜರ್ ತಗ್ಗಿ ನುಗ್ಗಿ ಅವರ ಬಲ ಮೊಣಕಾಲಿಗೆ ಅಪ್ಪಳಿಸಿದರು. ಕಾಲು ಬಾಗಬಾರದ ಕಡೆಗೆ ಬಾಗಿತು. ಅದನ್ನು ಮತ್ತೆ ನಿಧಾನಗತಿಯಲ್ಲಿ ತೋರಿಸಿದಾಗ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಮೊಣಕಾಲಿನ ಮೂಳೆಗಳನ್ನು ಬಿಗಿದಿಡುವ ಮೂರು ಲಿಗಮೆಂಟುಗಳು ಹರಿದುಹೋದ ಕೆಲ್ಲರ್ ಮತ್ತೆಂದೂ ಆ ಲೀಗಿನಲ್ಲಿ ಆಡಲಿಲ್ಲ. ಹೊಡೆತ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಮೇಲೆ ಹೊಡೆದರೆ ದಂಡ ಬೀಳುವ ಈ ಕಾಲದಲ್ಲಿ ಕೆಳಗೆ ಹೊಡೆಯದೆ ಬೇರೆ ದಾರಿಯಿಲ್ಲವೆಂಬ ಅರ್ಥದಲ್ಲಿ ಸ್ವೇರಿಂಜರ್ ಆಮೇಲೆ ಹೇಳಿದರು. ಅದೇ ಡಿಸೆಂಬರಿನಲ್ಲಿ ಹೆಸರಾಂತ ಆಟಗಾರ ರಾಬ್ ಗ್ರಾಂಕೌಸ್ಕಿಯ ಮೊಣಕಾಲೂ ಇಂಥದೇ ಹೊಡೆತಕ್ಕೆ ಹೋಯಿತು. ಭಾವನಿಗೆ ಕಬಡ್ಡಿ ಗೊತ್ತು: ಅಲ್ಲಿ ರೇಡರನ ಕಾಲನ್ನು ಹಿಡಿಯುವವನು ಕೈಯಿಂದ ಹಿಡಿಯುತ್ತಾನೆ, ಇಲ್ಲಿ ನೂರು ಕಿಲೋ ತೂಗುವ ಮನುಷ್ಯ ವೇಗವಾಗಿ ಓಡಿಬಂದು ಭುಜದಿಂದ ಹೊಡೆಯುತ್ತಾನೆ.

ಹೊಡೆಯುವವನಿಗೂ ಇದು ತಪ್ಪಿದ್ದಲ್ಲ. ಚೆಂಡು ಎಸೆದು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕನ್ನು ಕೆಡವುವಾಗ ಮೈಭಾರವನ್ನೆಲ್ಲ ಅವನ ಮೇಲೆ ಹಾಕಬಾರದೆಂಬ ನಿಯಮವನ್ನು 2018ರಲ್ಲಿ ಬಿಗಿಯಾಗಿ ಜಾರಿಗೆ ತಂದರು. ಆ ಸೆಪ್ಟೆಂಬರಿನಲ್ಲಿ ಮಯಾಮಿಯ ವಿಲಿಯಂ ಹೇಯ್ಸ್ ಎದುರಾಳಿಯ ಮೇಲೆ ಬೀಳಬಾರದೆಂದು ಗಾಳಿಯಲ್ಲೇ ಮೈ ತಿರುಗಿಸಲು ಹೋಗಿ, ಕಾಲು ನೆಲಕ್ಕೆ ಸಿಕ್ಕಿಕೊಂಡು, ತಮ್ಮ ಮೊಣಕಾಲನ್ನೇ ಕಳೆದುಕೊಂಡರು.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಚಿಂತೆ ತರುವ ವಿಷಯಕ್ಕೆ ಬರುತ್ತೇನೆ. ಮಿದುಳಿಗೆ ಪೆಟ್ಟಾದ ಅನುಮಾನವಿದ್ದರೆ ವಿದ್ಯಾರ್ಥಿಯನ್ನು ಕೂಡಲೇ ಮೈದಾನದಿಂದ ಹೊರಗೆ ಕರೆಯಬೇಕು, ವೈದ್ಯಕೀಯ ಒಪ್ಪಿಗೆಯಿಲ್ಲದೆ ಮರಳಿ ಬಿಡಬಾರದು ಎಂಬ ಕಾನೂನನ್ನು 2009ರಲ್ಲಿ ವಾಷಿಂಗ್ಟನ್ ರಾಜ್ಯ ತಂದಿತು, ಈಗ ಅಂಥ ಕಾನೂನು ಎಲ್ಲ 50 ರಾಜ್ಯಗಳಲ್ಲೂ ಇದೆ. ಬಹಳ ಒಳ್ಳೆಯ ಕಾನೂನು. ಆದರೆ ತಲೆನೋವೆಂದು ಬಾಯಿಬಿಟ್ಟವನು ವಾರಗಟ್ಟಲೆ ಬೆಂಚಿನ ಮೇಲೆ ಕೂರಬೇಕಾಗುತ್ತದೆ ಎಂಬುದು ಹುಡುಗರಿಗೂ ಗೊತ್ತು. ನನ್ನ ಮಗನ ಜೊತೆ ಆಡುತ್ತಿದ್ದ ಹುಡುಗನೊಬ್ಬ ಒಂದು ಸಂಜೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಊಟದ ಮೇಜಿನ ಮೇಲಿನ ದೀಪದ ಕಡೆಗೆ ನೋಡಲಾಗದೆ ಕಣ್ಣು ಕಿರಿದು ಮಾಡಿಕೊಂಡು, ಚಪಾತಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಇಡುತ್ತಿದ್ದ. ಏನಾಯಿತೆಂದು ಕೇಳಿದರೆ ನಿದ್ದೆ ಸಾಲದು ಎಂದ. ಎರಡು ದಿನಗಳ ಹಿಂದಿನ ಅಭ್ಯಾಸದಲ್ಲಿ ತಲೆಗೆ ಬಿದ್ದ ಪೆಟ್ಟನ್ನು ಯಾರಿಗೂ ಹೇಳಬೇಡವೆಂದು ನನ್ನ ಮಗನಿಂದ ಆಣೆ ಮಾಡಿಸಿಕೊಂಡಿದ್ದನಂತೆ. ಆ ರಾತ್ರಿಯೇ ಅವನ ತಂದೆಗೆ ಫೋನ್ ಮಾಡಿದೆ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಬರುವ ಶನಿವಾರ ನಾನೇ ಕಾರಿನಲ್ಲಿ ಡಲ್ಲಾಸಿಗೆ ಹೋಗಿ ಅಭ್ಯಾಸ ನೋಡಿ ಬರುತ್ತೇನೆ. ಹುಡುಗರಿಗೆ ತಲೆಯೆತ್ತಿ ಭುಜದಿಂದ ಕೆಡವುವುದನ್ನು ಕಲಿಸುತ್ತಿದ್ದಾರೆಯೇ, ಮೊಣಕಾಲಿಗೆ ಗುರಿಯಿಡಬಾರದೆಂದು ಹೇಳಿಕೊಡುತ್ತಿದ್ದಾರೆಯೇ, ಪೆಟ್ಟಾದಾಗ ಆಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ತರಬೇತುದಾರರೋ ಅಥವಾ ಪ್ರತ್ಯೇಕ ಆರೋಗ್ಯ ಸಿಬ್ಬಂದಿಯೋ ಎಂಬುದನ್ನು ಅವರ ತರಬೇತುದಾರರನ್ನೇ ಕೇಳುತ್ತೇನೆ.

ಅಕ್ಕ, ಅಷ್ಟರೊಳಗೆ ನೀನು ಒಂದು ಕೆಲಸ ಮಾಡು. ಮೊದಲನೆಯ ಪೆಟ್ಟಿಗೇ ಆಟ ಬಿಡಿಸುತ್ತೇನೆಂದು ಮೊಮ್ಮಗನಿಗೆ ಹೇಳಿದ್ದೀಯಲ್ಲ, ಆ ಮಾತನ್ನು ದಯವಿಟ್ಟು ಇವತ್ತೇ ಫೋನ್ ಮಾಡಿ ಹಿಂದಕ್ಕೆ ತೆಗೆದುಕೋ. ಎಲ್ಲಿ ನೋವಾದರೂ ಅಜ್ಜಿಗೆ ಮೊದಲು ಹೇಳು, ನಾನು ಬೈಯುವುದಿಲ್ಲ, ಆಟವನ್ನೂ ಬಿಡಿಸುವುದಿಲ್ಲ, ಡಾಕ್ಟರು ಏನು ಹೇಳುತ್ತಾರೋ ಹಾಗೆ ಮಾಡೋಣ ಎಂದು ಅವನಿಗೆ ಹೇಳು.